ಮುದ್ದೆ ನುಂಗುವವರ ದವಡೆನೋವು

ಇಂಜೆಕ್ಷನ್ ಹಾಕುವುದು ಬೆಂಗಳೂರಿನಲ್ಲಿ. ತೊಂದರೆ ತಲೆ ಎತ್ತುವುದು ಪಾವಗಡದಲ್ಲೋ ಮಧುಗಿರಿಯಲ್ಲೋ, ವಾರಗಳು ಕಳೆದ ಮೇಲೆ. ಕ್ಯಾನ್ಸರಿನ ಇಮ್ಯುನೊಥೆರಪಿಯ ಸ್ವಭಾವವೇ ಅದು. ಕಿಮೋದ ಹಾಗೆ ವಾಂತಿ ಮಾಡಿಸಿ, ಕೂದಲು ಉದುರಿಸಿ ಬೇಗನೆ ತನ್ನ ಗುರುತು ಕೊಡುವುದಿಲ್ಲ. ಸುಮ್ಮನಿದ್ದು ಒಂದು ದಿನ ಚರ್ಮ, ಕರುಳು, ಥೈರಾಯ್ಡ್ ಯಾವುದನ್ನಾದರೂ ಕೆಣಕಬಹುದು. ಅಪರೂಪಕ್ಕೆ, ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಯಲ್ಲಿ, ರಕ್ತನಾಳದ ಗೋಡೆಯನ್ನೇ ಕೆಣಕುತ್ತದೆ.

ನಮ್ಮ ರೋಗನಿರೋಧಕ ಪಡೆಯ ಟಿ ಕೋಶಗಳ ಮೈಮೇಲೆ ಪಿಡಿ-1 ಎಂಬ ಪ್ರೋಟೀನ್ ಇದೆ. ಅದು ಅವುಗಳ ಮೂಗುದಾರ. ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಜಗ್ಗಿದರೆ ಟಿ ಕೋಶ ತಣ್ಣಗಾಗುತ್ತದೆ. ಗಡ್ಡೆಯ ಕೋಶಗಳು ಈ ಪಿಡಿ-ಎಲ್1 ಅನ್ನು ಮೈತುಂಬ ಹೊದ್ದು ಪಾರಾಗುತ್ತವೆ. ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಮದ್ದುಗಳು ಆ ಮೂಗುದಾರ ಯಾರ ಕೈಗೂ ಸಿಗದಂತೆ ಮಾಡುತ್ತವೆ. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ, ಇಂಥದೇ ಇನ್ನೊಂದು ತಡೆಯ ಮೇಲೆ ದುಡಿದ ಅಮೆರಿಕದ ಜೇಮ್ಸ್ ಆಲಿಸನ್ ಇಬ್ಬರೂ 2018ರ ನೊಬೆಲ್ ಹಂಚಿಕೊಂಡರು.

ಬಿಚ್ಚಿಬಿಟ್ಟ ಹೋರಿ ಗಡ್ಡೆಯನ್ನಷ್ಟೇ ಮೇಯುತ್ತದೆ ಎಂಬ ಖಾತರಿ ಇಲ್ಲ. ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಡೆಂಡ್ರಿಟಿಕ್ ಕೋಶಗಳು ಕಾವಲಿರುತ್ತವೆ. ಅವೂ ಪಿಡಿ-ಎಲ್1 ತೋರಿಸಿಯೇ ಟಿ ಕೋಶಗಳನ್ನು ಸಮಾಧಾನದಲ್ಲಿಡುತ್ತವೆ. ವಯಸ್ಸಾದವರಿಗೆ ತಾನಾಗಿ ಬರುವ ಜೈಂಟ್ ಸೆಲ್ ಆರ್ಟರೈಟಿಸ್ ಎಂಬ ರಕ್ತನಾಳದ ಉರಿಯೂತದಲ್ಲಿ ಈ ಕಾವಲು ಕೋಶಗಳಲ್ಲಿ ಪಿಡಿ-ಎಲ್1 ಕೊರತೆ ಇರುವುದನ್ನು ಅಮೆರಿಕದ ಕಾರ್ನೀಲಿಯಾ ವೇಯಂಡ್ ಅವರ ತಂಡ 2017ರಲ್ಲಿ ತೋರಿಸಿತು. ಮನುಷ್ಯರ ಅಪಧಮನಿಯ ತುಂಡನ್ನು ಇಲಿಗೆ ಕಸಿ ಮಾಡಿ ಪಿಡಿ-1 ಅನ್ನು ತಡೆದಾಗ ಉರಿಯೂತ ಇನ್ನೂ ಜೋರಾಯಿತು. ಮದ್ದು ಮಾಡುವ ಕೆಲಸವನ್ನೇ ಆ ಕಾಯಿಲೆ ಮದ್ದಿಲ್ಲದೆ ಮಾಡುತ್ತಿತ್ತು!

ಗೋಡೆ ಊದಿಕೊಂಡರೆ ನಾಳ ಕಿರಿದಾಗುತ್ತದೆ. ಕಣ್ಣಿಗೂ ಕಿವಿಗೂ ನಡುವಿನ ಜಾಗದಲ್ಲಿ ಹೊಸ ತಲೆನೋವು, ತಲೆ ಬಾಚಿದರೆ ಉರಿ, ಬೆಳಗ್ಗೆ ಭುಜ–ಸೊಂಟ ಬಿಗಿತ. ಪಠ್ಯಪುಸ್ತಕ ಹೇಳುವ ಇನ್ನೊಂದು ಕುರುಹು: ಅಗಿಯುವಾಗ ದವಡೆಗೆ ರಕ್ತ ಸಾಲದೆ ನೋವು ಬಂದು, ಬಾಯಿ ನಿಲ್ಲಿಸಿದರೆ ಹೋಗುವುದು. ತುಮಕೂರು ಸೀಮೆಯಲ್ಲಿ ಇದೇ ಕೈಕೊಡಬಹುದು ಎಂಬುದು ನನ್ನ ಗುಮಾನಿ. ಎರಡು ಹೊತ್ತೂ ಮುದ್ದೆ ನುಂಗುವವರನ್ನು ‘ಊಟ ಮಾಡುವಾಗ ನೋವಾ?’ ಎಂದರೆ ಇಲ್ಲ ಎನ್ನುತ್ತಾರೆ. ಮುದ್ದೆಗೆ ದವಡೆಯ ಹಂಗೇ ಇಲ್ಲ. ಶಿರಾ, ಪಾವಗಡದ ಕಡೆ ಕಡ್ಲೆಕಾಯಿ ತಿನ್ನುವಾಗ ಹೇಗೆ, ಎಲೆಅಡಿಕೆ ಅಗಿಯುವಾಗ ಹೇಗೆ ಎಂದು ಕೇಳಬೇಕು.

ಕಣ್ಣಿನ ನರಕ್ಕೆ ರಕ್ತ ನಿಂತರೆ ದೃಷ್ಟಿ ದಿಢೀರನೆ ಹೋಗುತ್ತದೆ, ಹೋದದ್ದು ಬರುವುದು ಕಡಿಮೆ. ಅಂಥವರು ಬೆಂಗಳೂರಿನ ಕ್ಯಾನ್ಸರ್ ತಜ್ಞರ ಹತ್ತಿರವಲ್ಲ, ಪಾವಗಡದ ಶಾರದಾದೇವಿ ಕಣ್ಣಾಸ್ಪತ್ರೆಯಂಥ ಕಡೆಗೇ ಮೊದಲು ಹೋಗುವುದು ಸಹಜ. ಇಎಸ್‌ಆರ್, ಸಿಆರ್‌ಪಿ ಎಂಬ ಅಗ್ಗದ ರಕ್ತಪರೀಕ್ಷೆಗಳು ಏರಿದ್ದರೆ ಅನುಮಾನ ಗಟ್ಟಿ. ಕಣ್ಣಿಗೆ ಅಪಾಯವಿದ್ದರೆ ಬಯಾಪ್ಸಿ ವರದಿಗೆ ಕಾಯದೆ ವೈದ್ಯರು ಸ್ಟಿರಾಯ್ಡ್ ಶುರು ಮಾಡುತ್ತಾರೆ, ಕ್ಯಾನ್ಸರ್ ಇಂಜೆಕ್ಷನ್ ತಡೆಹಿಡಿಯುತ್ತಾರೆ. ಹೆಚ್ಚಿನವರಲ್ಲಿ ಉರಿಯೂತ ಇಳಿಯುತ್ತದೆ. ಶುಗರ್ ಇದ್ದವರಿಗೆ ಮಾತ್ರ ಸ್ಟಿರಾಯ್ಡ್ ಬೇರೆಯೇ ತಲೆನೋವು.

ಇಂಥ ದುಬಾರಿ ಮದ್ದು ನಮ್ಮ ತಾಲ್ಲೂಕುಗಳಿಗೆ ಎಲ್ಲಿ ಬರಬೇಕು ಎನ್ನಬೇಡಿ. ಹೊಗೆಸೊಪ್ಪು, ಗುಟ್ಕಾ ಬಾಯಿ ಕ್ಯಾನ್ಸರನ್ನು ತಂದಾಗಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ–ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನ 151 ಜನರ ಮೇಲೆ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಿವೊಲುಮಾಬ್‌ನ ಮಾಮೂಲಿ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಅವರು ಬಾಯಿಂದ ಕೊಡುವ ಮದ್ದುಗಳ ಜೊತೆಗೆ ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಸೇರಿಸಿದರು. ಒಂದು ವರ್ಷ ಬದುಕಿದವರ ಪಾಲು ನೂರಕ್ಕೆ 16.3ರಿಂದ 43.4ಕ್ಕೆ ಏರಿತು. ಅಷ್ಟು ಕಡಿಮೆ ಮದ್ದು ಸಾಕಾಗುವುದೇಕೆಂದರೆ ಅದು ಪಿಡಿ-1ಗೆ ಬಿಗಿಯಾಗಿ ಅಂಟಿ ಕೂರುತ್ತದೆ. ರಕ್ತದಲ್ಲಿ ಮದ್ದಿನ ಮಟ್ಟ ಇಳಿದರೂ ಟಿ ಕೋಶಗಳ ಮೇಲೆ ಎರಡು ತಿಂಗಳಾದರೂ ಉಳಿದಿರುತ್ತದೆ. ‘ಬೇರೇನಾದರೂ ಔಷಧಿ ತಗೋತಿದ್ದೀರಾ?’ ಎಂದು ಕೊರಟಗೆರೆಯ ಡಾಕ್ಟರು ಕೇಳಿದಾಗ ‘ಇಲ್ಲ ಸಾರ್, ಕ್ಯಾನ್ಸರ್ ಇಂಜೆಕ್ಷನ್ ನಿಲ್ಲಿಸಿ ತಿಂಗಳಾಯ್ತು’ ಎಂಬ ಉತ್ತರದಲ್ಲಿ ಅವರು ಕಿವಿಗೊಡಬೇಕಾದದ್ದು ಎರಡನೇ ಅರ್ಧಕ್ಕೆ.