ಬಿಳಿ ಹುಳವೆಲ್ಲ ಬೇರುಹುಳವಲ್ಲ

ಅಡಿಕೆ ಬುಡ ಬಿಡಿಸುವಾಗ ಬಿಳಿ ಹುಳ ಸಿಕ್ಕಿತೋ, ಮೆಟ್ಟಿಬಿಡುತ್ತೇವೆ. ಸ್ವಲ್ಪ ತಡೀರಿ. ಅದನ್ನು ಸಪಾಟು ನೆಲದಲ್ಲಿಟ್ಟು ನೋಡಿ. ಬೆನ್ನ ಮೇಲೆ ಮಗುಚಿ, ಕಾಲು ಮೇಲಾಗಿಯೇ ಸರಸರ ಹರಿದುಹೋದರೆ ಅದು ಹೂವಿಗೆ ಬರುವ ಒಂದು ಜಾತಿ ದುಂಬಿಯ ಮರಿ. ಕೊಳೆತ ಸೊಪ್ಪು, ಸಗಣಿ ಪುಡಿಮಾಡುವುದು ಅದರ ಕೆಲಸ. ಬಿಟ್ಟುಬಿಡಿ.

ಬೇರುಹುಳ ಹಾಗಲ್ಲ. ಕೊಕ್ಕೆಯಂತೆ ಬಾಗಿ ಮಗ್ಗುಲಿಗೆ ಬೀಳುತ್ತದೆ, ಕಾಲೂ ಉದ್ದ. ಎಳೆಬೇರು ತಿಂದು ಸೋಗೆ ಹಳದಿಯಾಗಿ, ಶಿರ ಸಣ್ಣಗಾಗುತ್ತದೆ. ಹೆಕ್ಕಿ ಕೊಲ್ಲಲೇಬೇಕು. ಹುಳ ಯಾವುದೆಂದು ನೋಡದೆ ಬುಡಕ್ಕೆ ವಿಷ ಹೊಯ್ದರೆ ಎರೆಹುಳವೂ ಹೋದೀತು, ದುಡ್ಡೂ ದಂಡ.

ಗೊಬ್ಬರಗುಂಡಿಯ ಹೆಬ್ಬೆರಳು ಗಾತ್ರದ ಹುಳ ಕುರುವಾಯಿಯದ್ದು. ಬೇರಿನ ಸುದ್ದಿಗೆ ಹೋಗದು, ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ದಾಕ್ಷಿಣ್ಯ ಬೇಡ.

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮುಸ್ಸಂಜೆ ತೋಟಕ್ಕೆ ಹೋಗಿ. ನೆಲದಿಂದ ಏಳುವ ಬೇರುಹುಳದ ದುಂಬಿಗಳನ್ನು ಹಿಡಿಯಲು ಅದೇ ಹೊತ್ತು.