ಇಲಿ ಹತ್ತದ ಕಣಜಕ್ಕೆ ಮನುಷ್ಯರ ಒಕ್ಕಲು

ನೆಲ ಮುಟ್ಟದೆ ನಿಂತ ಕಟ್ಟಡ! ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದ ಜರ್ಮಾಟ್, ಗ್ರಿಮೆಂಟ್ಸ್, ಎವೊಲೆನ್ ಕಡೆಯ ಹಳೆಯ ಕಣಜಗಳನ್ನು ನೋಡಿ. ಕೆಳಗೆ ಮೋಟು ಮರದ ಕಾಲುಗಳು, ಒಂದೊಂದು ಕಾಲಿನ ತಲೆಯ ಮೇಲೂ ಅಗಲವಾದ ದುಂಡು ಕಲ್ಲುಚಪ್ಪಡಿ, ಆ ಚಪ್ಪಡಿಗಳ ಮೇಲೆ ದಿಮ್ಮಿ ಪೇರಿಸಿ ಕಟ್ಟಿದ ಇಡೀ ಕಣಜ. ಅದರ ನೆತ್ತಿಗೆ ಮತ್ತೆ ಕಲ್ಲುಹಾಸಿನ ಮಾಡು! ಇಷ್ಟೆಲ್ಲ ಸರ್ಕಸ್ಸು ಯಾಕೆ ಅಂದರೆ ಇಲಿಗಾಗಿ. ಕಾಲು ಹತ್ತಿ ಬಂದ ಇಲಿ ಚಪ್ಪಡಿಯ ಅಡಿಮೈಗೆ ತಲೆಕೆಳಗಾಗಿ ಅಂಟಿಕೊಂಡು ದಾಟಲಾರದು. ನಮ್ಮ ತೋಟಗಳಲ್ಲಿ ತೆಂಗಿನ ಮರಕ್ಕೆ ತಗಡು ಸುತ್ತುತ್ತೇವಲ್ಲ, ಅದೇ ಉಪಾಯ, ಆಲ್ಪ್ಸ್ ಬೆಟ್ಟದಲ್ಲಿ, ಕಲ್ಲಿನಲ್ಲಿ!

ಮರವಾದರೂ ಎಂಥದು! ಲಾರ್ಚ್, ರಾಳ ತುಂಬಿದ ಗಟ್ಟಿ ಮರ. ಬಣ್ಣವಿಲ್ಲ, ಎಣ್ಣೆಯಿಲ್ಲ. ಬೆಟ್ಟದ ಬಿಸಿಲು ಬಡಿಯುವ ಕಡೆ ಸುಟ್ಟ ಕಂದಾಗಿ, ಆಮೇಲೆ ಕಪ್ಪಾಗಿ, ಶತಮಾನಗಳ ಕಾಲ ನಿಂತೇ ಇರುತ್ತದೆ. ಜರ್ಮಾಟಿನ ಹಳೆ ಕೇರಿಯಲ್ಲಿ ಹದಿನಾರನೇ ಶತಮಾನದಿಂದ ಹದಿನೆಂಟನೇ ಶತಮಾನದವರೆಗಿನ ಇಂಥ ಕಟ್ಟಡಗಳು ಸಾಲಾಗಿವೆ. ಒಳಗೆ ರೈ ಧಾನ್ಯದ ಸಿವುಡುಗಳು ಒಣಗುತ್ತಿದ್ದವು, ನಡುವಿನ ಹಲಗೆ ಹಾಸಿನ ಮೇಲೆಯೇ ಒಕ್ಕಣೆ. ಬೆಟ್ಟದ ಬೇಸಾಯ ಕುಗ್ಗಿತು, ಕಣಜಗಳು ಬರಿದಾದವು. ಆಸ್ತಿ ಪಾಲಾಗುತ್ತ ಒಂದೇ ಕಣಜಕ್ಕೆ ಹಲವು ವಾರಸುದಾರರು; ರಿಪೇರಿಗೆ ಮಾತ್ರ ಯಾರೂ ಇಲ್ಲ. (ಇದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.)

ಈಗ ಇಂಥದ್ದರೊಳಗೆ ಮನೆ ಮಾಡಬೇಕು ಅನ್ನಿ. ಅಲ್ಲಿಂದ ಶುರು ಮಜಾ! ಕಣಜದ ಒಳ್ಳೆಯ ಗುಣವೆಲ್ಲ ಮನೆಗೆ ಶತ್ರು. ಗಾಳಿಯಾಡಲೆಂದೇ ದಿಮ್ಮಿಗಳ ನಡುವೆ ಸಂದು, ಕಿಟಕಿಯ ಸುಳಿವಿಲ್ಲ, ಒಲೆಯಿಲ್ಲ, ಹೊರಗೆ ಮೈಕೊರೆಯುವ ಚಳಿ. ಜಾಣ ಬಡಗಿಗಳು ಹೊರಗಿನ ದಿಮ್ಮಿಗಳನ್ನು ಮುಟ್ಟುವುದೇ ಇಲ್ಲ. ಒಳಗಡೆ, ಅವಕ್ಕೆ ತುಸು ದೂರದಲ್ಲಿ, ಶಾಖ ಹಿಡಿದಿಡುವ ಪದರದ ಇನ್ನೊಂದು ಕೋಣೆಯನ್ನೇ ಕಟ್ಟುತ್ತಾರೆ. ನಡುವೆ ಗಾಳಿ ಓಡಾಡುತ್ತದೆ, ಹಳೆಯ ಮರ ಒಣಗಿಕೊಂಡೇ ಇರುತ್ತದೆ. ಬೆಳಕು ಹಳೆಯ ಬಾಗಿಲ ಹಿಂದೆ ಕೂರಿಸಿದ ಗಾಜಿನಿಂದ. ಕಪ್ಪು ದಿಮ್ಮಿಯನ್ನು ಕೊಯ್ದು ಗೋಡೆಯಗಲ ಕಿಟಕಿ ಇಟ್ಟವರೂ ಇದ್ದಾರೆ; ನನ್ನ ಕೇಳಿದರೆ ಅದು ಕೊಲೆ.

ಇನ್ನೊಂದು ಅಚ್ಚರಿ: ಮೂಲೆಗಳಲ್ಲಿ ದಿಮ್ಮಿಗೆ ದಿಮ್ಮಿ ಕಚ್ಚಿ ಕೂತಿರುವುದರಿಂದ ನಂಬರು ಬರೆದು, ಬಿಚ್ಚಿ, ಬೇರೆಡೆ ಒಯ್ದು ಮತ್ತೆ ಜೋಡಿಸಬಹುದು! ಬೆಂಕಿ ಸುಡಬಲ್ಲದ್ದೆಲ್ಲ ಚರಾಸ್ತಿ ಎಂದು ಹಳೆಯ ಜರ್ಮನ್ ಕಾನೂನು ಎಣಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಆದರೆ ನನ್ನ ಬಾಯಿ ಕಟ್ಟಿದ್ದು ಪೂರ್ವದ ಗ್ರಾವುಬುಂಡೆನ್ ಪ್ರಾಂತ್ಯದ ಫ್ಲಿಮ್ಸ್. ಸುಮಾರು 9,500 ವರ್ಷಗಳ ಹಿಂದೆ ಆಲ್ಪ್ಸಿನ ಅತಿ ದೊಡ್ಡ ಬೆಟ್ಟಕುಸಿತ ನಡೆದ ಊರು ಅದು; ಇವತ್ತಿಗೂ ಕಾಡೊಳಗೆ ಹೆಬ್ಬಂಡೆಗಳು. ಅಲ್ಲಿ ಕುಸಿದು ಬೀಳುತ್ತಿದ್ದ ದಿಮ್ಮಿಯ ಗುಡಿಸಿಲೊಂದಿತ್ತು. ಹೊಸದು ಕಟ್ಟಿದರೂ ಹಳೆಯದರ ಚಹರೆ ಉಳಿಯಬೇಕು ಎಂಬುದು ಷರತ್ತು. ವಾಸ್ತುಶಿಲ್ಪಿಗಳಾದ ಜಾರ್ಜ್ ನಿಕಿಷ್, ಸೆಲೀನಾ ವಾಲ್ಡರ್ ಏನು ಮಾಡಿದರು ಗೊತ್ತೆ? ಆ ಗುಡಿಸಿಲಿನ ದಿಮ್ಮಿಗಳನ್ನೇ ಅಚ್ಚು ಮಾಡಿಕೊಂಡು ಕಾಂಕ್ರೀಟು ಸುರಿದರು! ಮರ ಹೋಯಿತು, ದಿಮ್ಮಿಯ ಉಬ್ಬುತಗ್ಗು, ಎಳೆಎಳೆಯ ಗುರುತು ಗೋಡೆಯಲ್ಲಿ ಉಳಿಯಿತು. ದೂರದಿಂದ ಗುಡಿಸಿಲು, ಕೈಯಿಟ್ಟರೆ ಕಲ್ಲು! ಮೇಲೆ ಒಲೆ, ಅಡುಗೆ, ಕೂರುವ ಜಾಗ. ಕೆಳಗೆ ಮಲಗುವ ಕೋಣೆ, ಜೊತೆಗೊಂದು ಸ್ನಾನದ ತೊಟ್ಟಿ. ಹೆಸರು ರೆಫುಜಿ ಲೀಪ್ಟ್‌ಗಾಸ್.

ಆಸೆ ಹುಟ್ಟಿತೆ? ತುಸು ತಡೆಯಿರಿ. ಊರ ಕಟ್ಟಡ ವಲಯದ ಹೊರಗಿನ ಕೊಟ್ಟಿಗೆ, ಕಣಜಗಳನ್ನು ಮನೆ ಮಾಡಲು ಅಲ್ಲಿ ಸಲೀಸಾಗಿ ಬಿಡುವುದಿಲ್ಲ. 2012ರ ಮಾರ್ಚ್ 11ರಂದು ಜನಮತ ನಡೆಸಿ, ಯಾವುದೇ ಊರಲ್ಲಿ ರಜಾಮನೆಗಳು ಶೇ. 20 ಮೀರಬಾರದು ಎಂದು ಸ್ವಿಸ್ ಜನರೇ ಕಟ್ಟು ಹಾಕಿಕೊಂಡರು. ಹೊರದೇಶದಲ್ಲಿ ನೆಲೆಸಿರುವವರು ರಜಾಮನೆ ಕೊಳ್ಳಲು ಪರವಾನಗಿಯೂ ಬೇಕು. ಫ್ಲಿಮ್ಸಿನ ಆ ಕಾಂಕ್ರೀಟು ಗುಡಿಸಿಲು ಮಾತ್ರ ರಜೆಯ ಬಾಡಿಗೆಗೆಂದೇ ಇರುವುದು. ಇಬ್ಬರಿಗೆ ಸಾಕಾಗುವಷ್ಟು ಜಾಗವಿದೆ.