ಗಾಳಿಯ ತೊಗಲು ನಡುಗಿದಾಗ

ಬೆಟಗೇರಿಯ ಯಾವುದಾದರೂ ನೇಕಾರರ ಮನೆಯಲ್ಲಿ ಫ್ಯಾನು ನಿಲ್ಲಿಸಿ, ರೆಕ್ಕೆಯ ಮೇಲೆ ಬೆರಳಾಡಿಸಿ ನೋಡಿ. ಧೂಳು ಮೆತ್ತಗೆ ಕೂತಿದೆ! ದಿನವಿಡೀ ಗರಗರ ತಿರುಗಿದರೂ ಅದು ಹಾರಿಹೋಗಲಿಲ್ಲವೇಕೆ? ರೆಕ್ಕೆಗೆ ತಾಗಿದ ಗಾಳಿ ಅದಕ್ಕೇ ಅಂಟಿಕೊಂಡು ಜೊತೆಗೇ ಸುತ್ತುತ್ತದೆ. ಅದರ ಮೇಲಿನ ಗಾಳಿ ತುಸು ಜಾರುತ್ತದೆ, ಅದಕ್ಕೂ ಮೇಲಿನದು ಇನ್ನಷ್ಟು. ಈ ತೆಳು ತೊಗಲಿಗೆ ಗಡಿಪದರ ಎಂದು ಹೆಸರು. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಕಪ್ಪತಗುಡ್ಡದ ಗಾಳಿಯಂತ್ರಗಳ ರೆಕ್ಕೆಗೂ ಇದೇ ತೊಗಲು, ಶ್ರೀಹರಿಕೋಟಾದ ರಾಕೆಟ್ಟಿಗೂ ಇದೇ!

ಈಗ ಮುಂಡರಗಿ ತಾಲ್ಲೂಕಿನ ಹಮ್ಮಿಗಿಗೆ ಬನ್ನಿ. ಸಿಂಗಟಾಲೂರು ಬ್ಯಾರೇಜಿನ ಗೇಟು ಎತ್ತಿದಾಗ ತುಂಗಭದ್ರೆ ತೆಳ್ಳಗೆ, ರಭಸದಿಂದ ಹೊರನುಗ್ಗುತ್ತಾಳೆ. ಮುಂದೆ ಒಮ್ಮೆಲೇ ನೊರೆಯೆದ್ದು ಉಬ್ಬಿ ನಿಧಾನವಾಗುತ್ತಾಳೆ. ಗಾಳಿಯಲ್ಲಿ ಇಂಥದೇ ನೆಗೆತಕ್ಕೆ ಆಘಾತ ತರಂಗ ಎನ್ನುತ್ತಾರೆ. ಒತ್ತಡದ ಸುದ್ದಿ ಮುಂದಿನ ಗಾಳಿಗೆ ಮುಟ್ಟುವುದು ಶಬ್ದದ ವೇಗದಲ್ಲಿ, ಗಂಟೆಗೆ ಸುಮಾರು 1,225 ಕಿಲೋಮೀಟರ್. ವಿಮಾನ ಅದನ್ನೂ ಮೀರಿದರೆ ಸುದ್ದಿ ಹಿಂದೆ ಬೀಳುತ್ತದೆ. ಗಾಳಿ ಸರಿದು ದಾರಿ ಬಿಡುವ ಮೊದಲೇ ಪೆಟ್ಟು ಬೀಳುತ್ತದೆ!

ಈ ಪೆಟ್ಟು ಆ ತೊಗಲಿಗೆ ಬಡಿದರೆ? ಗಡಿಪದರದ ತಳದಲ್ಲಿ ಗಾಳಿ ನಿಧಾನ. ಮೇಲೆ ಹೋಗಲಾಗದ ಸುದ್ದಿ ತಳದ ಈ ಕಳ್ಳದಾರಿಯಲ್ಲಿ ಪ್ರವಾಹಕ್ಕೆ ಎದುರಾಗಿ ನುಸುಳುತ್ತದೆ! ತೊಗಲು ಉಬ್ಬುತ್ತದೆ, ತಾನು ಅಂಟಿದ ಮೈ ಬಿಟ್ಟು ಏಳುತ್ತದೆ, ಆಘಾತ ತರಂಗದ ರೂಪವೇ ಬದಲಾಗುತ್ತದೆ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್, ಅನತೊಲ್ ರೋಷ್ಕೋ ಅವರೊಡನೆ ಇದನ್ನು ಅಳೆದವರಲ್ಲಿ ಒಬ್ಬರು ನಮ್ಮ ಸತೀಶ್ ಧವನ್. ನಯವಾಗಿ ಹರಿಯುವ ಪದರದಲ್ಲಿ ಆ ಸುದ್ದಿ ಬಹುದೂರ ಹಿಂದಕ್ಕೆ ನುಸುಳುತ್ತದೆ, ಸುಳಿಸುಳಿಯಾಗಿ ಹರಿಯುವ ಪದರದಲ್ಲಿ ಸ್ವಲ್ಪ ದೂರಕ್ಕೇ ನಿಲ್ಲುತ್ತದೆ ಎಂದು ಅವರು ಕಂಡರು. 1951ರಲ್ಲಿ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ದೇಶದ ಮೊದಲ ಸೂಪರ್‌ಸಾನಿಕ್ (ಶಬ್ದವನ್ನೂ ಮೀರಿದ ವೇಗದ) ಗಾಳಿ ಸುರಂಗ ಕಟ್ಟಿದರು. 1972ರಲ್ಲಿ ಇಸ್ರೋ ಅಧ್ಯಕ್ಷರಾದರು.

ಅತ್ಯಂತ ಬೆರಗಿನ ಸಂಗತಿ ಇನ್ನೂ ಇದೆ. ಆಘಾತ ತರಂಗ ಒಂದೆಡೆ ನಿಲ್ಲುವುದಿಲ್ಲ! ಮೈ ಬಿಟ್ಟೆದ್ದ ಗಾಳಿಯ ಗುಳ್ಳೆ ಉಸಿರಾಡಿದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರೊಡನೆ ತರಂಗದ ಬುಡ ಹಿಂದೆ ಮುಂದೆ ತೂಗುತ್ತದೆ. ಪದರದ ಪುಟ್ಟ ಸುಳಿಗಳು ನೂರು ಸಲ ಕುಣಿಯುವಷ್ಟರಲ್ಲಿ ಈ ತೂಗಾಟ ಒಂದೇ ಸಲ! ಅಷ್ಟು ಅವಸರದ ಗಾಳಿಯೊಳಗೆ ಇಷ್ಟು ನಿಧಾನದ ತಾಳ ಎಲ್ಲಿಂದ ಬಂತು? ಪ್ರವಾಹದ ಎದುರಿನಿಂದ ಹರಿದು ಬರುವ ಸುಳಿಗಳಿಂದ ಎನ್ನುತ್ತಾರೆ ಕೆಲವರು, ಗುಳ್ಳೆಯೊಳಗಿಂದಲೇ ಎನ್ನುತ್ತಾರೆ ಇನ್ನು ಕೆಲವರು. ವಾದ ಇನ್ನೂ ಮುಗಿದಿಲ್ಲ.

ತಡೆಯಿಲ್ಲದ ಈ ತೂಗಾಟ ಲೋಹವನ್ನು ದಣಿಸಿ ಬಿರುಕು ಬಿಡಿಸಬಲ್ಲದು, ಎಂಜಿನ್ನಿನ ಉಸಿರು ಕಟ್ಟಿಸಬಲ್ಲದು. ತರಂಗ ಬಡಿದ ಜಾಗ ಕಾಯುವ ಪರಿಯಂತೂ ಭಯಂಕರ. 1967ರ ಅಕ್ಟೋಬರ್ 3ರಂದು ಗಂಟೆಗೆ 7,274 ಕಿಲೋಮೀಟರ್ ವೇಗದಲ್ಲಿ ಹಾರಿದ ಅಮೆರಿಕದ ಎಕ್ಸ್-15 ವಿಮಾನದ ಕೆಳರೆಕ್ಕೆ ಆಘಾತ ತರಂಗಗಳ ಬೇಗೆಗೆ ಸುಟ್ಟು ತೂತಾಯಿತು! ಅದೇ 1967ರಲ್ಲಿ ಬೆಂಗಳೂರಿನ ವಿಮಾನ ವಿಜ್ಞಾನ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1.2 ಮೀಟರ್ ಗಾಳಿ ಸುರಂಗ ಶುರುವಾಯಿತು. ನಮ್ಮ ರಾಕೆಟ್ಟುಗಳ ಮಾದರಿಗಳು ಬಾನಿಗೆ ಏರುವ ಮೊದಲು ಗಾಳಿಯ ಪೆಟ್ಟು ತಿಂದು ಪಳಗಿದ್ದು ಅಲ್ಲಿಯೇ.

ಲಕ್ಷ್ಮೇಶ್ವರ, ಶಿರಹಟ್ಟಿಯ ಮೇಷ್ಟ್ರುಗಳೇ, ಮಕ್ಕಳಿಗೆ ಇಂಥ ನೆಗೆತ ತೋರಿಸಲು ಗಾಳಿ ಸುರಂಗ ಬೇಕಿಲ್ಲ. ನಲ್ಲಿಯ ಕೆಳಗೆ ಊಟದ ತಟ್ಟೆ ಹಿಡಿಯಿರಿ. ನಡುವೆ ನೀರು ತೆಳ್ಳಗೆ ಓಡುತ್ತದೆ, ತಟ್ಟೆಗೆ ತಾಗಿದ ಪದರ ತಡೆಯುತ್ತದೆ, ಒಂದು ಉಂಗುರದಲ್ಲಿ ನೀರು ನೆಗೆದು ನಿಲ್ಲುತ್ತದೆ. ತಟ್ಟೆಯನ್ನು ತುಸು ಓರೆ ಮಾಡಿ, ಉಂಗುರ ಸರಿಯುತ್ತದೆ. ಯಾಕೆ ಎಂದು ಮಕ್ಕಳು ಕೇಳಲಿ. ಉತ್ತರ ಸಿಗದ ಆ ತೂಗಾಟದ ಪ್ರಶ್ನೆ ಅವರಿಗಾಗಿ ಇನ್ನೂ ಕಾದಿದೆ.